ಈ ಹಳೇ ಕೈಸಾಮಾನು ಎದಕ್ಕ ಬರ್ತಿತ್ರೀ? ಪದೇ ಪದೇ ಕೇಳೋ ಪ್ರಶ್ನೆಗಳು

ಬಾಗಲಕೋಟಿ ನವನಗರದಾಗ ನಂದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ ಐತ್ರಿ. ಮೊಳಿ, ಬಿಜಾಗ್ರಿ, ಪೈಪು, ಪೇಂಟು ಮಾರ್ತೀನಿ, ಆದ್ರ ಗಲ್ಲಾದ ಹಿಂದಿನ ಗ್ವಾಡಿಗೆ ಮಾರಾಕಲ್ಲದ ಒಂದಿಷ್ಟು ಹಳೇ ಸಾಮಾನು ಜೋತು ಬಿಟ್ಟೀನಿ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಎಷ್ಟೋ ಓಣಿ ಮುಳುಗಿ ಮಂದಿ ಗಂಟುಮೂಟಿ ಕಟ್ಕೊಂಡು ಇಲ್ಲಿಗೆ ಬಂದಾಗ ಅಟ್ಟದ ಮ್ಯಾಲಿಂದ, ದನದ ಕೊಟ್ಟಿಗ್ಯಾಗಿಂದ ಏನೇನೋ ಹೊರಗ ಬಿದ್ದವು, ಆವಾಗ ಹತ್ತಿದ ಹುಚ್ಚು ಇದು. ಈಗ ವಾರಕ್ಕ ಇಬ್ರು ಮೂವರು ಚೀಲದಾಗ ಏನಾರ ಕಬ್ಬಿಣದ ತುಂಡು ಹಾಕ್ಕೊಂಡು ಬರ್ತಾರ, "ಅಣ್ಣಾರ, ಇದೇನ್ರಿ?" ಅಂತ. ಕೇಳೂದು ಬಹಳ ಮಾಡಿ ಅವೇ ಪ್ರಶ್ನೆ, ನಾ ಹೇಳೂದೂ ಅವೇ ಉತ್ತರ, ಅದಕ್ಕ ಒಂದ ಕಡೆ ಬರದು ಇಟ್ರ ನನ್ನ ಗಂಟಲಾರ ಉಳೀತೈತಿ ಅಂತ ಬರಿಯಾಕ ಕುಂತೀನಿ.

ಫೋಟೋ ಕಳಿಸಿದ್ರ ಸಾಕೇನ್ರಿ?

ಸಾಕು, ಆದ್ರ ಒಂದ ಫೋಟೋ ಅಲ್ಲ. ಎರಡೂ ಮೈ, ಬಾಯಿ ಅಂದ್ರ ಕೊಯ್ಯೋ ಕಡೆ, ಹಿಡಿಕಿ, ತೂತು ಇದ್ರ ತೂತು, ಇವೆಲ್ಲಾ ಬೇರೆ ಬೇರೆ ತಗೀರಿ. ಬಾಜೂಕ ಒಂದು ಐದು ರೂಪಾಯಿ ನಾಣ್ಯ ಇಡ್ರಿ, ಇಲ್ಲಾಂದ್ರ ಬೆಂಕಿಪೊಟ್ಟಣ. ಹ್ವಾದ ವರ್ಷ ಒಬ್ರು ಬರೇ ಬಿಳೀ ಟವೆಲ್ ಮ್ಯಾಲ ಇಟ್ಟು ಫೋಟೋ ಕಳಿಸಿದ್ರು, ತುದಿ ಚಮಚದಂಗ ಸಣ್ಣಗ ಬಾಗಿತ್ತು, ನಾ ಕಿವಿ ಗುಗ್ಗಿ ತಗಿಯೋ ಕಡ್ಡಿ ಇರಬೇಕ್ರಿ ಅಂದೆ, ಅವರು ನಕ್ಕು "ಅಣ್ಣಾರ ಇದು ಮೂರು ಫೂಟ್ ಐತಿ, ಯಾರ ಕಿವಿದು?" ಅಂದ್ರು.

ಫೋಟೋಕಿಂತ ಮುಖ್ಯ ಇನ್ನೊಂದು ಐತಿ, ಎಲ್ಲಿಂದ ಬಂತು ಅನ್ನೋದು. ಒಂದ ನಮೂನಿ ಬಾಗಿದ ಚಾಕು ನಿಪ್ಪಾಣಿ ಕಡೆ ಸಿಕ್ರ ತಂಬಾಕಿನ ಹೊಲ ನೆನಪಾಗಬೇಕು, ಇಂಡಿ ಕಡೆ ಸಿಕ್ರ ನಿಂಬಿ ತ್ವಾಟ, ಇಳಕಲ್ಲದಾಗ ಸಿಕ್ರ ಮಗ್ಗದ ಮನಿ, ಬಾದಾಮಿ ಬಾಜೂಕ ಸಿಕ್ರ ಕಲ್ಲು ಒಡಿಯೋರ ಕೆಲಸ. "ಗುಜರಿಯಾಗ ಸಿಕ್ತು" ಅಂದ್ರ ನಂಗೇನೂ ಹೇಳಿದಂಗ ಆಗೂದಿಲ್ಲ. "ನಮ್ಮ ಅಜ್ಜನ ಮನಿ ಪಡಸಾಲ್ಯಾಗ ಇತ್ತು, ಅಜ್ಜ ಬಡಿಗತನ ಮಾಡ್ತಿದ್ದ" ಅಂದ್ರ ಅರ್ಧ ಕೆಲಸ ಮುಗೀತು.

ತುಕ್ಕು ಭಾಳ ಹಿಡದೈತಿ, ಮೊದಲ ತೊಳದು ತರಲ್ಯಾ?

ಬ್ಯಾಡ್ರೀ. ಕೈ ಮುಗದು ಹೇಳ್ತೀನಿ, ಬ್ಯಾಡ. ಈ ತಪ್ಪು ನಾನ ಮಾಡೀನಿ. ಶುರುವಿನಾಗ ಒಂದು ಉಳಿ ಸಿಕ್ಕಿತ್ತು, ತುಕ್ಕಿನ ಕೆಳಗ ಏನೋ ಅಕ್ಷರ ಮಸಕು ಮಸಕು ಕಾಣ್ತಿತ್ತು, ಸ್ವಚ್ಛ ಓದಾಕ ಬರಲಿ ಅಂತ ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಎರಡ ನಿಮಿಷ ಹಿಡದೆ, ಉಳಿ ಫಳ ಫಳ ಹೊಳೀತು, ಅಕ್ಷರ ಹ್ವಾದವು. ಅದರ ಮ್ಯಾಲ ಏನಿತ್ತು ಅಂತ ಈಗ ದೇವರ ಬಂದ್ರೂ ಹೇಳಾಕ ಆಗೂದಿಲ್ಲ.

ತುಕ್ಕಷ್ಟ ಅಲ್ಲ, ಹೊಲಸೂ ಸಾಕ್ಷಿನ. ಹಿಡಿಕಿ ಸಂದ್ಯಾಗ ಹತ್ತಿ ಎಳಿ ಸಿಕ್ಕೊಂಡಿರ್ತಾವ, ಮೇಣ ಇರತೈತಿ, ಚರ್ಮದ ವಾಸನಿ ಇರತೈತಿ, ಸುಣ್ಣ ಹತ್ತಿರತೈತಿ. ಮೂಸಿ ನೋಡ್ರಿ, ನಾಚಿಕಿ ಬ್ಯಾಡ. ತಂಬಾಕಿನ ವಾಸನಿ ಎಷ್ಟ ವರ್ಷ ಆದ್ರೂ ಕಟ್ಟಿಗಿ ಬಿಡೂದಿಲ್ಲ.

ಬರೇ ನೋಡಿ ಹೆಂಗ ಗೊತ್ತು ಹಿಡೀತೀರಿ? ಏನಾರ ಟ್ರಿಕ್ ಐತೇನು?

ಟ್ರಿಕ್ ಏನಿಲ್ಲ, ಸವದದ್ದು ಎಲ್ಲಿ ಅಂತ ನೋಡೂದು. ಸಾಮಾನಿನ ಆಕಾರ ಸುಳ್ಳು ಹೇಳಬಹುದು, ಸವತ ಸುಳ್ಳು ಹೇಳೂದಿಲ್ಲ.

ಮೊದಲು ಹಿಡಿಕಿ. ಕೈ ಎಲ್ಲಿ ಕುಂದರ್ತಿತ್ತೋ ಅಲ್ಲಿ ಕಟ್ಟಿಗಿ ನುಣ್ಣಗ ಆಗಿರತೈತಿ, ಬೆವರು ಎಣ್ಣಿ ಕುಡದು ಕರ್ರಗ ಹೊಳೀತಿರತೈತಿ. ಒಂದ ಕೈ ಜಾಗ ನುಣ್ಣಗಿದ್ರ ಒಂದ ಕೈಯಿಂದ ಮಾಡೋ ಕೆಲಸ, ಎರಡ ಕಡೆ ಇದ್ರ ಎರಡ ಕೈದು. ಬೊಟ್ಟು ಒತ್ತೋ ಜಾಗ ತಗ್ಗಾಗಿದ್ರ ಅದನ್ನ ಒತ್ತಿ ಮುಂದ ತಳ್ತಿದ್ರು, ಹಿಡಿಕಿ ಹಿಂದಿನ ಬುಡ ಸವದಿದ್ರ ಅದನ್ನ ಅಂಗೈಗೆ ಹಚ್ಚಿ ನೂಕ್ತಿದ್ರು.

ಆಮ್ಯಾಲ ತಲಿ. ಉಳಿ ನಮೂನಿ ಸಾಮಾನಿನ ತಲಿ ಹೂವು ಅರಳಿದಂಗ ಕಬ್ಬಿಣ ಹೊರಗ ಚೆಲ್ಲಿಕೊಂಡಿದ್ರ ಸುತಗಿಲೆ ಬಡದಾರ ಅಂತರ್ಥ, ಅಂಥಾದ್ದು ಕಲ್ಲುಕಟಗರದ್ದು ಇಲ್ಲಾ ಕಮ್ಮಾರರದ್ದು. ತಲಿಗೆ ಕಟ್ಟಿಗಿ ಹಿಡಿಕಿ ಇದ್ದು ಅದು ಬರೇ ಜಜ್ಜಿದಂಗ ಇದ್ರ ಕೊಡತಿಲೆ ಬಡದಾರ, ಅದು ಬಡಿಗ್ಯಾರದ್ದು. ತಲಿಗೆ ಏನೂ ಆಗಿಲ್ಲಾಂದ್ರ ಅದು ಬಡಿಯೋ ಸಾಮಾನ ಅಲ್ಲ, ಕೈ ಬಲದ ಮ್ಯಾಲ ನಡಿಯೂದು.

ಬಾಯಿ ನೋಡ್ರಿ. ಒಂದ ಮೈ ಇಳಿಜಾರು, ಇನ್ನೊಂದು ಮೈ ಸಪಾಟ ಇದ್ರ ಕಟ್ಟಿಗಿ ಕೆತ್ತೂದು, ಬಾಚಿಗೆ ಉಳಿಗೆ ಹಂಗ ಮಸೀತಾರ. ಎರಡೂ ಮೈ ಇಳಿಜಾರಿದ್ರ ಕಡಿಯೂದು, ಕೊಡ್ಲಿ ಗತೆ. ಬಾಯಿ ಮೊಂಡ ಇದ್ರೂ ಕನ್ನಡಿಯಂಗ ಹೊಳೀತಿದ್ರ ಅದು ಕೊಯ್ಯೋ ಸಾಮಾನಲ್ಲ, ಉಜ್ಜೂದೋ ಒತ್ತೂದೋ ಮಾಡಿದ್ದು.

ಇನ್ನೊಂದು, ಎಡಚರು. ನಮ್ಮವ್ವ ಎಡಗೈಯಾಕಿ. ಆಕಿ ಕಳೆ ತಗಿಯೋ ಕುರ್ಚಗಿ ಬ್ಯಾರೆದವ್ರ ಕೈಗೆ ಕೊಟ್ರ "ಇದೇನ್ ಸೊಟ್ಟ ಐತ್ಯಲ್ಲ, ಕಮ್ಮಾರ ಕೆಡಿಸ್ಯಾನ" ಅಂತಿದ್ರು. ಕೆಡಿಸಿದ್ದಿಲ್ಲ, ನಲವತ್ತು ವರ್ಷ ಎಡಗೈಲೆ ನೆಲಕ್ಕ ತಿಕ್ಕಿ ತಿಕ್ಕಿ ಇನ್ನೊಂದು ಮಗ್ಗಲಾ ಸವದಿತ್ತು ಅಷ್ಟ. ಅದಕ್ಕ ಯಾವುದಾರ ಸಾಮಾನು ಯಾವ ಲೆಕ್ಕಕ್ಕೂ ಹೊಂದದಿದ್ರ ಎಡಗೈಯಾಗ ಹಿಡದು ನೋಡ್ರಿ.

ಕಟ್ಟಿಗಿ ಡಂಬೆಲ್ ಸಿಕ್ಕೈತಿ, ಗರಡಿ ಮನಿದಲ್ಲೇನು?

ಇದು ನನ್ನ ಹತ್ರ ಬರೋ ಪ್ರಶ್ನೆಗಳೊಳಗ ರಾಜಾ ಪ್ರಶ್ನೆ. ಹೆಚ್ಚೂ ಕಡಿಮಿ ಒಂದ್ ಫೂಟು ಉದ್ದ, ಎರಡೂ ತುದಿಗೆ ಗುಂಡು, ನಡುವ ಸಣ್ಣಗ ಹಿಡಿಯಾಕ ಜಾಗ. ನೋಡಿದ ಕೂಡ್ಲೆ ಎಲ್ಲಾರೂ ಡಂಬೆಲ್ ಅಂತಾರ, ನಮ್ಮ ಕಡೆ ಗರಡಿ ಮನಿ ಊರೂರಿಗೆ ಇದ್ದವು ನೋಡ್ರಿ, ಅದಕ್ಕ ತಲಿ ಅಲ್ಲಿಗೇ ಹೋಗತೈತಿ. ನಾನೂ ಹಂಗ ತಿಳದು ಎರಡ್ ವರ್ಷ ಗ್ವಾಡಿಗೆ "ಪೈಲ್ವಾನರ ಡಂಬೆಲ್" ಅಂತ ಚೀಟಿ ಹಚ್ಚಿ ತೂಗು ಹಾಕಿದ್ದೆ. ಒಂದ ಸಂಶೆ ಮಾತ್ರ ಇತ್ತು, ತೂಕ ಹಾಕಿದ್ರ ಒಂದ್ ಕೆಜಿನೂ ಇರಲಿಲ್ಲ, ಅಷ್ಟ ಎತ್ತಿ ಯಾವ ಪೈಲ್ವಾನ ಆಕ್ಕಾನ?

ಒಂದಿನ ಮಧ್ಯಾಹ್ನ ಒಬ್ರು ವಯಸ್ಸಾದವರು ಬಿಜಾಗ್ರಿ ತಗೊಳ್ಳಾಕ ಬಂದ್ರು. ನಾ ಒಳಗ ಹುಡುಕಾಕತ್ತಿದ್ದೆ, ಅವರು ಸುಮ್ನ ಆ ಡಂಬೆಲ್ ಇಳಿಸಿ ಬಲಗೈಯಾಗ ಹಿಡಕೊಂಡ್ರು. ಹಿಡಕೊಂಡ ಕೂಡ್ಲೆ ಅವರ ಎಡಗೈ ತಾನ ಮ್ಯಾಲೆ ಹೋತು, ಮುಷ್ಟಿ ಕಟ್ಟಿ ಗಾಳ್ಯಾಗ ಏನೋ ಹಿಡದಂಗ ನಿಂತ್ರು, ಬಲಗೈ ಮುಂದ ಚಾಚಿ ಒಂದ್ ಸಲ ಹಿಂದಕ್ಕ ಜಗ್ಗಿದ್ರು, ಬಾಯಾಗ ಮೆಲ್ಲಕ "ಟಂಯ್" ಅಂದ್ರು. ಕೇಳಿದ್ರ ನಕ್ಕೋತ "ಹತ್ತಿ ಹಿಂಜೂದಪ್ಪಾ ಇದು, ನಮ್ಮಪ್ಪ ಮಾಡ್ತಿದ್ದ" ಅಂದ್ರು. ಪಿಂಜಾರ ಮನೆತನದವರು.

ಹತ್ತಿ ಹಿಂಜಾಕ ಒಂದು ದೊಡ್ಡ ಬಿಲ್ಲು ಇರ್ತಿತ್ತು, ಅದಕ್ಕ ನರದ ಹುರಿ ಬಿಗದಿರ್ತಿದ್ರು, ಜಂತಿಗೆ ಹಗ್ಗ ಕಟ್ಟಿ ಬಿಲ್ಲು ಜೋತು ಬಿಡ್ತಿದ್ರು, ಎಡಗೈಲೆ ಅದನ್ನ ಸಂಭಾಳಿಸಿಕೋತ ಹುರಿ ಹತ್ತಿ ರಾಶ್ಯಾಗ ಇಳಿಸಿ ಈ ಗುಂಡಿನ ಅಂಚಿಲೆ ಹುರಿ ಕೆಳಕ್ಕ ಜಗ್ಗಿ ಬಿಡೂದು, ಹುರಿ ನಡುಗಿ ಹತ್ತಿ ಹಗುರಾಗಿ ಹಾರತೈತಿ, ಗಂಟು ಬಿಚ್ಚತೈತಿ, ಕಸ ಕೆಳಗ ಬೀಳತೈತಿ. ಗಾದಿ ಮಾಡೋ ಮುಂದ ಓಣ್ಯಾಗ ಕೂತು ಹಿಂಜೂದನ್ನ ನಿಮ್ಮ ಮನಿ ಹಿರೇರು ನೋಡಿರ್ತಾರ, ಕೇಳ್ರಿ. ಬೀದ್ಯಾಗ ಹೋಗ್ತಾ ಹೋಗ್ತಾ ಆ ಹುರಿ ಮೀಟಿ ಸಪ್ಪಳ ಮಾಡಿದ್ರ ಸಾಕಿತ್ತು, ಹಿಂಜಾವ್ರು ಬಂದ್ರು ಅಂತ ಗೊತ್ತಾಕ್ಕಿತ್ತು.

ಅವತ್ತು ಮತ್ತ ಗುಂಡು ತಿರುಗಿಸಿ ನೋಡಿದೆ. ಒಂದ ತುದಿಯ ಅಂಚಿನ ಸುತ್ತ ಹುರಿ ಜಾರಿ ಜಾರಿ ಬಿದ್ದ ಸಣ್ಣ ಗೀರು, ಉಂಗುರದಂಗ. ಎರಡ ವರ್ಷ ದಿನಾ ನೋಡ್ತಿದ್ದೆ, ಕಂಡಿದ್ದಿಲ್ಲ. ಅವತ್ತಿಂದ ನಾ ಹಿರೇರಿಗೆ "ಇದೇನ್ರಿ?" ಅಂತ ಕೇಳೂದ ಬಿಟ್ಟೀನಿ, ಸುಮ್ನ ಕೈಯಾಗ ಕೊಡ್ತೀನಿ. ಕೇಳಿದ್ರ ಅವರು ವಿಚಾರ ಮಾಡ್ತಾರ, ತಪ್ಪಾದ್ರ ನಗ್ತಾರ ಅಂತ ಅಂಜತಾರ, ಕೈಗೆ ಕೊಟ್ರ ಕೈ ತನ್ನ ಕೆಲಸ ತಾ ಮಾಡತೈತಿ.

ಕಬ್ಬಿಣದ ಬಳಿಗೆ ಹತ್ತಿಪ್ಪತ್ತು ಕೊಕ್ಕಿ ಜೋತು ಬಿದ್ದಾವು, ಅಂಜಿಕಿ ಬರತೈತಿ, ಏನದು?

ಪಾತಾಳಗರಡಿ. ಬಾವ್ಯಾಗ ಬಿದ್ದ ಕೊಡ, ಬಿಂದಿಗಿ ಮ್ಯಾಲೆ ತಗಿಯೂದು. ಹಗ್ಗ ಕಟ್ಟಿ ಇಳಿಬಿಟ್ಟು ತಳಕ್ಕ ಮುಟ್ಟಿಸಿ ಮೆಲ್ಲಕ ಆಡಿಸಿದ್ರ ಯಾವುದಾರ ಒಂದು ಕೊಕ್ಕಿ ಕೊಡದ ಕಂಠಕ್ಕ ಸಿಗತೈತಿ. ನಮ್ಮೂರಾಗ ಇದು ಒಬ್ಬರ ಮನ್ಯಾಗ ಇತ್ತು, ಕೇಳಾಕ ಹೋದ್ರ ಒಂದು ತಾಮ್ರದ ಚರಿಗಿ ಇಟ್ಟು ಒಯ್ಯಬೇಕು, ಇಲ್ಲಾಂದ್ರ ಒಯ್ದವರು ತಿರುಗಿ ಕೊಡೂದು ಮರೀತಾರ ಅಂತ. ಒಬ್ರು ಇದನ್ನ ತಂದು "ಹಿಂದಕ್ಕ ಕಳ್ಳರಿಗೆ ಶಿಕ್ಷಾ ಕೊಡಾಕ ಬಳಸ್ತಿದ್ರಂತ್ರಿ" ಅಂದ್ರು, ಯಾರೋ ಮಾರಿದವ ಕತಿ ಕಟ್ಟಿ ಹೇಳ್ಯಾನ. ಕತಿ ಇದ್ರ ರೇಟು ಏರತೈತಿ ನೋಡ್ರಿ.

ಕಟ್ಟಿಗಿ ಬಟ್ಟಲ, ತಳದಾಗ ಮೂರ ತೂತು. ಚಾ ಸೋಸೂದಾ?

ಅಲ್ರೀ! ಕೂರಿಗಿ ಬಟ್ಟಲ ಅದು. ಬಿತ್ತೋ ಮುಂದ ಅದರಾಗ ಕೈಲೆ ಬೀಜ ಬಿಡ್ತಾರ, ತೂತಿಗೊಂದು ಬಿದಿರಿನ ಕೊಳವಿ, ಕೊಳವಿ ಕೆಳಗ ಒಂದೊಂದು ತಾಳು, ಬೀಜ ಸಾಲಿಗೆ ಸರಿಯಾಗಿ ಹೋಗತೈತಿ. ತೂತು ಎಷ್ಟೋ ಅಷ್ಟ ತಾಳಿನ ಕೂರಿಗಿ. ಎಲ್ಲಾ ಕೊಳವಿಗೂ ಒಂದ ಸಮ ಬೀಜ ಬೀಳೂದು ಬಿಡೋರ ಕೈಚಳಕದ ಮ್ಯಾಲ, ಅದಕ್ಕ ಬೀಜ ಬಿಡಾಕ ಎಲ್ಲಾರನ್ನೂ ನಿಲ್ಲಸ್ತಿದ್ದಿಲ್ಲ. ತೂತಿನ ಒಳಮೈ ಬೊಟ್ಟಿಲೆ ಮುಟ್ಟಿ ನೋಡ್ರಿ, ಜೋಳ ಉರುಳಿ ಉರುಳಿ ಗಾಜಿನಂಗ ಆಗಿರತೈತಿ.

ಇದರ ಜೊತಿಗೆ ಉದ್ದನ ಬಾಗಿದ ಪಟ್ಟಿ, ಎರಡ ತುದಿಗೆ ಕಾಲು ಇದ್ದದ್ದು ಸಿಕ್ರ ಅದು ಕುಂಟಿ ಕುಡ, ಅಂದ್ರ ಹೊಲ ಹರಗೋ ಕುಂಟಿಯ ಬಾಯಿ. ಸಣ್ಣದು ಜೋಡಿ ಇದ್ರ ಎಡಿಕುಂಟಿದು, ಸಾಲಿನ ನಡುವ ಎಡಿ ಹೊಡಿಯಾಕ, ಅಂದ್ರ ಕಳೆ ತಗಿಯಾಕ.

ಅರ್ಧಚಂದ್ರದಂಥಾ ಅಗಲ ಚಾಕು, ಅಡಗಿ ಮನಿದಾ?

ಅಡಗಿ ಮನ್ಯಾಗ ಬಳಸಬ್ಯಾಡ್ರಿ, ಅದು ರಂಪಿ, ಚಪ್ಪಲಿ ಹೊಲಿಯೋರದ್ದು. ಚರ್ಮ ಕೊಯ್ಯಾಕ, ಅಂಚು ಹೆರಿಯಾಕ. ಬಾಯಿ ಮುಂದ ಅಗಲಕ್ಕ ಇರತೈತಿ, ಹಿಡಿಕಿ ಮುಷ್ಟಿಗೆ ಸರಿಹೋಗೋ ಅಷ್ಟ ಗಿಡ್ಡ, ಚರ್ಮ ಕಲ್ಲಿನ ಮ್ಯಾಲ ಇಟ್ಟು ಒತ್ತಿ ಮುಂದಕ್ಕ ನೂಕತಾರ. ಅಥಣಿ, ನಿಪ್ಪಾಣಿ ಕಡೆ ಇಂಥಾವು ಭಾಳ ಸಿಗ್ತಾವ. ಕೊಲ್ಹಾಪುರಿ ಚಪ್ಪಲ್ ಅಂತ ಮಂದಿ ತಗೋತಾರಲ್ಲ, ಅದಕ್ಕ 2019ರಾಗ ಸಿಕ್ಕ ಜಿಐ ಟ್ಯಾಗಿನಾಗ, ಅಂದ್ರ ಇದು ಇಂಥಾ ಸೀಮಿದ ಅನ್ನೋ ಸರ್ಕಾರಿ ಗುರ್ತಿನಾಗ, ಮಹಾರಾಷ್ಟ್ರದ ನಾಕು ಜಿಲ್ಲಾ ಜೊತಿಗೆ ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಯಪುರ, ಧಾರವಾಡನೂ ಅದಾವ, ಹೆಸರು ಮಾತ್ರ ಕೊಲ್ಹಾಪುರದ್ದು. ಇರಲಿ.

ದೊಡ್ಡ ಇಕ್ಕಳ, ಆದ್ರ ಏನೂ ಕತ್ತರಸೂದಿಲ್ಲ. ಕೆಟ್ಟೈತೇನು?

ಕೆಟ್ಟಿಲ್ಲ. ಕೂಡ್ರಿ, ಹೇಳ್ತೀನಿ.

ನಮ್ಮ ಭಾವಾರು ಒಮ್ಮೆ ಬೆಳಗಾವಿ ಸಂತ್ಯಾಗ ಇಂಥಾದ್ದು ತಂದ್ರು, ಕೈ ಉದ್ದ, ವಜ್ಜಾ, ಎರಡ ಕೀಲು, ಬಾಯಿ ಮಾತ್ರ ಮೊಂಡ, ಪೂರ್ತಿ ಮುಚ್ಚಿದ್ರೂ ಎರಡ ದವಡಿ ನಡುವ ಕೂದಲೆಳಿ ಸಂದಿ ಉಳೀತಿತ್ತು. ಬೋಲ್ಟ್ ಕಟರ್ ಅಂತ ತಿಳದು ತಂದಿದ್ರು, ಬೋಲ್ಟು ಕತ್ತರಸಲಿಲ್ಲ, ತಂತಿನೂ ಕತ್ತರಸಲಿಲ್ಲ. ಮನ್ಯಾಗ ಅಕ್ಕ ಅದಕ್ಕೊಂದು ಕೆಲಸ ಹುಡುಕಿದ್ಲು, ಗಟ್ಟಿ ಬಾದಾಮಿ ಒಡಿಯೂದು. ಎರಡ ಚಳಿಗಾಲ ಲಾಡು ಕಟ್ಟಿದ್ಲು ಅದರಲೆ ಒಡದ ಬಾದಾಮ್ಯಾಗ. ಆಮ್ಯಾಲ ಒಂದ ಹಬ್ಬಕ್ಕ ದನದ ಡಾಕ್ಟರಾಗಿ ರಿಟೈರ್ ಆದ ನಮ್ಮ ಸಂಬಂಧಿಕರೊಬ್ರು ಬಂದ್ರು, ಲಾಡು ತಿಂದು ಹೊಗಳಿದ್ರು, ನೀರು ಕುಡಿಯಾಕ ಅಡಗಿ ಮನಿಗೆ ಹೋಗಿ ಅದನ್ನ ನೋಡಿ ಅಲ್ಲೇ ನಿಂತ್ರು. "ಇದೆಲ್ಲಿಂದ ಬಂತವ್ವಾ?"

ಅದು ಬರ್ಡಿಜೋ. ಇಟಲಿ ಪಶು ವೈದ್ಯ ಒಬ್ಬಾಂವ ಹಿಂದಿನ ಶತಮಾನದ ಶುರುವಿನಾಗ ಕಂಡುಹಿಡದದ್ದು, ಅವನ ಹೆಸರ ಅದಕ್ಕ ಉಳದೈತಿ. ಹೋರಿ ಬೀಜ ಒಡಿಯೋ ಇಕ್ಕಳ. ಚರ್ಮ ಕೊಯ್ಯಬಾರದು, ರಕ್ತ ಬರಬಾರದು, ಒಳಗಿನ ನರ ಅಷ್ಟ ನಜ್ಜಬೇಕು, ಅದಕ್ಕ ಬಾಯಿ ಮೊಂಡ ಮತ್ತ ಆ ಸಂದಿ. ಒಮ್ಮೆಗೆ ಒಂದ ಕಡೆ ನರ, ಆಮ್ಯಾಲ ಇನ್ನೊಂದು. ಕೆಲವಕ್ಕ ಒಂದ ಕೈಗೆ ಮೊಳಕಾಲು ಆನಿಸಾಕ ಪಟ್ಟಿ ಇರತೈತಿ, ಅದನ್ನ ನೋಡಿದ್ರ ಗುರ್ತು ಖಾತ್ರಿ. ಮೊದಲ ನಮ್ಮ ಕಡೆ ಕಟ್ಟಿಗಿ ನಡುವ ಇಟ್ಟು ಬಡೀತಿದ್ರು, ಎತ್ತಿಗೆ ಭಾಳ ತ್ರಾಸು ಆಕ್ಕಿತ್ತು, ಇದು ಬಂದ ಮ್ಯಾಲ ಗಾಯ ಇಲ್ಲ, ನೊಣ ಕುಂದ್ರೂದಿಲ್ಲ, ಹುಳ ಬೀಳೂದಿಲ್ಲ.

ಅಕ್ಕ ಆ ವರ್ಷದಿಂದ ಲಾಡಿಗೆ ಗೋಡಂಬಿ ಹಾಕ್ತಾಳ.

ಎಲಿ ಆಕಾರದ ಸಣ್ಣ ಕಬ್ಬಿಣದ ಪಟ್ಟಿ, ಅಂಚಿಗೆ ಮೂರ್ನಾಕು ತೂತು. ಕದದ ಸಾಮಾನಾ?

ಎತ್ತಿನ ನಾಲು. ಕುದುರಿದು ಒಂದ ಪಾದಕ್ಕ ಒಂದ, ಬಳಿ ಮುರದಂಗ ಇರತೈತಿ, ಎಲ್ಲಾರಿಗೂ ಗುರ್ತು ಸಿಗತೈತಿ. ಎತ್ತಿನ ಗೊರಸು ಸೀಳಿರತೈತಿ, ಅದಕ್ಕ ಪಾದಕ್ಕ ಎರಡ ಪಟ್ಟಿ, ನಾಕು ಕಾಲಿಗೆ ಎಂಟು. ಕುದುರಿ ನಿಂತು ನಾಲು ಹೊಡಿಸ್ಕೋತೈತಿ, ಎತ್ತು ನಿಲ್ಲೂದಿಲ್ಲ, ಹಗ್ಗ ಹಾಕಿ ಕೆಡವಿ ಕಾಲು ಕಟ್ಟಿ ಹೊಡೀಬೇಕು. ಜೊತಿಗೆ ಚಪ್ಪಟಿ ತಲಿ ಮೊಳಿ ಸಿಕ್ಕಿದ್ರ ಒಗೀಬ್ಯಾಡ್ರಿ, ಅವು ಈ ನಾಲಿನ ಜೋಡೀವ.

ಮಗ್ಗದ ಸಾಮಾನು ಹೆಂಗ ಗುರ್ತು ಹಿಡಿಯೂದು?

ಇಳಕಲ್, ಗುಳೇದಗುಡ್ಡ, ರಬಕವಿ, ಬನಹಟ್ಟಿ ಇದ್ದ ಜಿಲ್ಲಾದಾಗ ಇದು ಗೊತ್ತಿಲ್ಲ ಅಂದ್ರ ನಾಚಿಕಿ, ಆದ್ರ ಮಗ್ಗ ಬಂದ್ ಆದ ಮನಿ ಹುಡುಗರಿಗೆ ಖರೇನ ಗೊತ್ತಿಲ್ಲ. ದೋಣಿ ಆಕಾರ, ನಡುವ ಟೊಳ್ಳು ಇದ್ದದ್ದು ಲಾಳಿ. ಎರಡೂ ತುದಿಗೆ ಕಬ್ಬಿಣದ ಮೂತಿ ಇದ್ದು ಒಂದಿಷ್ಟು ವಜ್ಜ ಇದ್ರ ಹಗ್ಗ ಜಗ್ಗಿ ಹಾರಸೋ ಲಾಳಿ, ಆ ಪದ್ಧತಿ ಇಂಗ್ಲಂಡಿನ ಜಾನ್ ಕೇ 1733ರಾಗ ಪೇಟೆಂಟ್ ಮಾಡಿಸಿದ್ದು. ಹಗುರ ಇದ್ದು ಮೂತಿಗೆ ಕಬ್ಬಿಣ ಇಲ್ಲಾಂದ್ರ ಕೈಯಿಂದ ಕೈಗೆ ಒಗಿಯೂದು. ಇಳಕಲ್ ಸೀರಿ ಮೈಗೂ ಸೆರಗಿಗೂ ಎಳಿ ಎಳಿಗೆ ಕೊಂಡಿ ಹಾಕಿ ಕೂಡಸ್ತಾರ, ಆ ನೇಯ್ಗಿಗೆ ಮೂರು ಲಾಳಿ ಬೇಕು, ಅದಕ್ಕ ಒಂದ ಮನ್ಯಾಗ ಬ್ಯಾರೆ ಬ್ಯಾರೆ ಲಾಳಿ ಸಿಕ್ರ ಆಶ್ಚರ್ಯ ಪಡಬ್ಯಾಡ್ರಿ.

ಭಾಳ ಮಂದಿ ಗೊಂದಲ ಆಗೂದು ಇನ್ನೊಂದರ ಮ್ಯಾಲ. ಎರಡ ತೆಳು ಕಟ್ಟಿಗಿ, ನಡುವ ದಾರದಲೆ ಕಟ್ಟಿ ಕತ್ತರಿಯಂಗ ಮಾಡಿರ್ತಾರ, ತುದಿಗೆ ಸಣ್ಣ ಸಣ್ಣ ಮುಳ್ಳು. ಕೋಳಿ ಹಿಡಿಯೂದಲ್ಲ, ಬಾಣನೂ ಅಲ್ಲ. ನೇಯ್ದ ಬಟ್ಟಿ ಎರಡೂ ಅಂಚಿಗೆ ಆ ಮುಳ್ಳು ಚುಚ್ಚಿ ಬಟ್ಟಿ ಅಗಲ ಕುಗ್ಗದಂಗ ಹಿಡಿಯೂದು. ನೇಯ್ಗಿ ಮುಂದ ಹೋದಂಗ ಅದನ್ನೂ ಮುಂದ ಸರಸ್ತಾರ.

ಬೆಂಕಿಪೊಟ್ಟಣಕಿಂತ ಸಣ್ಣ ತಗಡು, ಏನೂ ಬರದಿಲ್ಲ, ಅಂಚು ಮಾತ್ರ ನುಣ್ಣಗೈತಿ.

ಬೀಡಿ ಎಲಿ ಕತ್ತರಸೋ ಅಳತಿ. ಎಲಿ ಮ್ಯಾಲ ಇಟ್ಟು ಸುತ್ತ ಕತ್ರಿ ಆಡಸ್ತಾರ.

ಕಟ್ಟಿಗಿ ಹಣಿಗಿ ಐತಿ, ಆದ್ರ ಹಲ್ಲು ತಲಿ ಬಾಚೋ ಹಂಗಿಲ್ಲ.

ಮೊದಲ ಅಡಗಿ ಮನಿ ವಿಚಾರ ಮಾಡ್ರಿ. ಪರಡಿ ಮಾಡೂದಿರಬಹುದು. ಕಣಕದ ಸಣ್ಣ ಉಂಡಿ ಹಲ್ಲಿನ ಮ್ಯಾಲ ಇಟ್ಟು ಹೆಬ್ಬೆರಳಲೆ ಒತ್ತಿ ಉಳ್ಳಿಸಿದ್ರ ಗೆರಿ ಗೆರಿ ಬೀಳತೈತಿ, ಒಣಗಿಸಿ ಇಟ್ಟು ಪಾಯಸಕ್ಕ ಹಾಕ್ತಿದ್ರು. ಅವ್ವ, ಅಜ್ಜಿ ಇದ್ರ ಅವರ ಹೆಬ್ಬೆರಳಿಗೆ ಕೊಟ್ಟು ನೋಡ್ರಿ. ಗೆರಿ ಬಿದ್ದ ಮಣಿ, ಅಂದ್ರ ಶ್ಯಾವಗಿ ಮಣಿ ಸಿಕ್ರ ಅದಕ್ಕಂತೂ ಗುರ್ತ ಬ್ಯಾಡ.

ಉಡದಾರಕ್ಕ ಕಟ್ಟೋ ಸಣ್ಣ ಚಿಮಟಾನೂ ಇದ ಲೆಕ್ಕಕ್ಕ ಬರ್ತಾವ, ಒಂದ ಬಳಿಗೆ ಚಿಮಟಾ, ಸೂಜಿ, ಕಿವಿ ಕಡ್ಡಿ. ಜಾಲಿ ಮುಳ್ಳು ಇದ್ದ ಸೀಮ್ಯಾಗ ಬರಿಗಾಲಿಲೆ ಹೊಲಕ್ಕ ಹೋಗೋರಿಗೆ ಅದು ಮೊಬೈಲ್ ಇದ್ದಂಗ, ಮರತು ಹೋದ್ರ ತಿರುಗಿ ಮನಿಗೆ ಬರೂದ.

ಇದು ಎಷ್ಟು ವರ್ಷದ್ದು ಅಂತ ಹೇಳಾಕ ಬರತೈತೇನು?

ಊರ ಕಮ್ಮಾರ ಮಾಡಿದ್ದಾದ್ರ ಆಕಾರ ನೋಡಿ ಹೇಳೂದು ಕಷ್ಟ, ಅಜ್ಜ ಮಾಡಿದ ಕುಡಗೋಲೂ ಮೊಮ್ಮಗ ಮಾಡಿದ ಕುಡಗೋಲೂ ಒಂದ ಥರಾ ಇರತೈತಿ. ಆದ್ರ ಇಷ್ಟಕ್ಕ ಮುಂಚಿಂದಲ್ಲ ಅಂತ ಹೇಳಬಹುದು, ಅದು ಸುಲಭ. ಲಾರಿ ಪಾಟಾದಾಗ (ಗಾಲಿ ಮ್ಯಾಲಿನ ಸ್ಪ್ರಿಂಗ್ ಪಟ್ಟಿ) ಮಾಡಿದ್ದಾದ್ರ, ಅಂದ್ರ ಬಾಗು ಇನ್ನೂ ಉಳದಿದ್ದು ಎಲ್ಲೋ ಒಂದು ಬೋಲ್ಟಿನ ತೂತು ಕಾಣ್ತಿದ್ರ, ಲಾರಿ ಬಂದ ಮ್ಯಾಲಿಂದು. ಕೂಡಿಸಿದ ಜಾಗಾದಾಗ ವೆಲ್ಡಿಂಗ್ ಗಂಟು ಇದ್ರ ತೀರಾ ಹಳೇದಲ್ಲ, ಹಳಬರು ಕುಲುಮ್ಯಾಗ ಕಾಸಿ ಬಡದು ಕೂಡಸ್ತಿದ್ರು, ಗಂಟು ಕಾಣೂದಿಲ್ಲ. ಪ್ಲಸ್ ತಲಿ ಸ್ಕ್ರೂ ಇದ್ರ 1930ರ ದಶಕದ ಆಚೆಗೆ ಹೋಗೂದ ಬ್ಯಾಡ. ಪಶ್ಚಿಮ ಜರ್ಮನಿ ಅಂತ ಇಂಗ್ಲಿಷಿನಾಗ ಹೊಡದಿದ್ರ 1949ರಿಂದ 1990ರ ನಡುವಿಂದು. ಅಗಲ ಬಾಣದ ಗುರ್ತು ಇದ್ರ ಅದು ಬ್ರಿಟಿಷ್ ಸರ್ಕಾರದ ಸಾಮಾನು, ಬೆಳಗಾವಿ ದಂಡಿನ ಊರು, ಅಲ್ಲಿ ಸಂತ್ಯಾಗ ಇಂಥಾವು ಸಿಗ್ತಾವ.

ಮರಾಠಿ ಅಕ್ಷರ, ಇಲ್ಲಾ ಮರಾಠಿ ಬರಿಯೋ ಹಳೇ ಕೂಡುಬರಹದ ಮೋಡಿ ಅಕ್ಷರ ಕಂಡ್ರ ಹೊರಗಿಂದು ಅಂತ ತಿಳೀಬ್ಯಾಡ್ರಿ. 1956ರ ನವೆಂಬರ್ 1ರ ತನಕ ಬೆಳಗಾವಿ, ವಿಜಯಪುರ ಎರಡೂ ಮುಂಬೈ ರಾಜ್ಯದಾಗ ಇದ್ದವು, ಬಾಗಲಕೋಟಿ ಆವಾಗ ವಿಜಯಪುರದಾಗ ಇತ್ತು, ಅಂದ್ರ ನಾವೂ.

ತೂಕದ ಕಲ್ಲು, ಅಳತಿ ಡಬ್ಬಿ ಇದ್ರ ಇನ್ನೂ ಛಲೋ. ಡಿಜಿಟಲ್ ತಕ್ಕಡ್ಯಾಗ ಇಡ್ರಿ. 933 ಗ್ರಾಂ ಹತ್ರ ಬಂದ್ರ ಅದು 80 ತೊಲದ ಶೇರು, 466 ಬಂದ್ರ ಅಚ್ಚೇರು, 233 ಬಂದ್ರ ಪಾವಶೇರು, 58ರ ಸುತ್ತ ಬಂದ್ರ ಛಟಾಕು, 454 ಬಂದ್ರ ಪೌಂಡು. ಸವದಿರತೈತಿ, ಅದಕ್ಕ ಒಂದಿಷ್ಟು ಕಡಿಮಿ ಬಂದ್ರ ಅಂಜಬ್ಯಾಡ್ರಿ. ಹೆಚ್ಚಿಗಿ ಬಂದ್ರ ಮಾತ್ರ ಕೆಳಗ ಸೀಸ ಹಾಕ್ಯಾರೇನು ನೋಡ್ರಿ, ಕೊಳ್ಳೋ ಮುಂದ ಒಂದು ಕಲ್ಲು, ಮಾರೋ ಮುಂದ ಒಂದು ಕಲ್ಲು ಇಡೋರೂ ಇದ್ರು. ಕಿಲೋ, ಗ್ರಾಂ ಅಂತ ಇದ್ರ 1958ರ ಆಮ್ಯಾಲಿಂದು ಅಂತ ತಿಳೀರಿ, ಪ್ಯಾಟ್ಯಾಗ ಹೊಸ ತೂಕ ಹಂತ ಹಂತವಾಗಿ ಬಂದಿದ್ದು ಆವಾಗಿಂದ.

ರೇಟು ಎಷ್ಟಾಕ್ಕೈತಿ?

ಗೊತ್ತಿಲ್ಲ, ನಾ ಮಾರೂದಿಲ್ಲ. ಒಂದ ಮಾತು ಮಾತ್ರ, ನೂರು ವರ್ಷಕಿಂತ ಹಳೇ ಕಲಾ ಸಾಮಾನು, ಕುಶಲ ಕೆಲಸದ ಸಾಮಾನು 1972ರ ಪುರಾತನ ವಸ್ತುಗಳ ಕಾಯ್ದೆ ಲೆಕ್ಕಕ್ಕ ಬರತೈತಿ, ಪರದೇಶಕ್ಕ ಕಳಿಸಾಕ ಬಿಡೂದಿಲ್ಲ. ಫಾರಿನ್ನಿಂದ ಯಾರೋ ಕೇಳಾಕತ್ತಾರ ಅಂತ ಪಾರ್ಸೆಲ್ ಮಾಡಾಕ ಹೋಗಬ್ಯಾಡ್ರಿ.

ಗುರ್ತು ಸಿಕ್ಕಿತು, ಈಗಾರ ತೊಳೀಲ್ಯಾ?

ಈಗ ತೊಳೀರಿ, ಆದ್ರ ಗ್ರೈಂಡರ್ ಕಡೆ ಹೋಗಬ್ಯಾಡ್ರಿ. ಒಣಾ ಅರಿವಿ, ಹಲ್ಲಿನ ಬ್ರಷ್ಷು, ಬಿದಿರಿನ ಕಡ್ಡಿ. ಕೆಂಪು ತುಕ್ಕು ಉದುರತೈತಿ, ಅದನ್ನ ತಗೀರಿ. ಕರೀ ಪದರ ಗಟ್ಟಿಗಿರತೈತಿ, ಅದನ್ನ ಬಿಡ್ರಿ, ಅದು ಕಬ್ಬಿಣಕ್ಕ ರಕ್ಷಣಾನ. ಹಿತ್ತಾಳಿಗೆ ಹುಣಸಿ ಹಣ್ಣು ಹಚ್ಚಿ ತಿಕ್ಕೂದು ದೇವರ ಸಾಮಾನಿಗೆ ಸರಿ, ಅಕ್ಷರ ಕೆತ್ತಿದ್ದಕ್ಕ ಬ್ಯಾಡ.

ಕಟ್ಟಿಗಿ ಹಿಡಿಕಿಗೆ ಅಗಸಿ ಎಣ್ಣಿ. ನಮ್ಮ ಕಡೆ ಅಗಸಿ ಹಿಂಡಿ ತಿನ್ನಾಕ ಅಷ್ಟ ಅಲ್ಲ, ಆ ಎಣ್ಣಿ ಗಾಳಿಗೆ ಒಣಗಿ ಗಟ್ಟಿ ಪದರ ಆಗತೈತಿ. ಶೇಂಗಾ ಎಣ್ಣಿ ಹಚ್ಚಿದ್ರ ಒಣಗೂದಿಲ್ಲ, ಅಂಟಂಟ ಆಗಿ ಧೂಳು ಹಿಡದು ಕಮಟು ವಾಸನಿ ಬರತೈತಿ. ತೆಳ್ಳಗ ಹಚ್ಚಿ, ಹೆಚ್ಚಾದದ್ದು ಒರಸಿ, ವಾರ ಬಿಟ್ಟು ಮತ್ತೊಮ್ಮೆ. ಒರಸಿದ ಅರಿವಿ ಮಾತ್ರ ಮುದ್ದಿ ಮಾಡಿ ಮೂಲ್ಯಾಗ ಒಗೀಬ್ಯಾಡ್ರಿ, ಅಗಸಿ ಎಣ್ಣಿ ಒಣಗೋ ಮುಂದ ಕಾವು ಬರತೈತಿ, ಮುದ್ದಿ ಇದ್ರ ತಾನ ಬೆಂಕಿ ಹತ್ತತೈತಿ. ಹಗ್ಗದ ಮ್ಯಾಲ ಬಿಚ್ಚಿ ಹಾಕಿ ಒಣಗಿಸಿ ಆಮ್ಯಾಲ ಒಗೀರಿ. ಸುಳ್ಳಲ್ಲ, ನಮ್ಮ ಅಂಗಡಿ ಹಿಂದ ಪೇಂಟಿನ ಡಬ್ಬಿ ಬಾಜೂಕ ಹೊಗಿ ಬಂದಿದ್ದು ನೋಡೀನಿ.

ನಿಮ್ಮನ್ನ ಬಿಟ್ಟು ಯಾರನ್ನ ಕೇಳಬೇಕು?

ಒಕ್ಕಲುತನದ ಸಾಮಾನಾದ್ರ ಊರ ಕಮ್ಮಾರ, ಬಡಿಗ್ಯಾರನ್ನ. ಆಯಗಾರರಾಗಿದ್ದವರು ನೋಡ್ರಿ ಅವರು, ವರ್ಷಾ ರಾಶಿ ಮಾಡೋ ಮುಂದ ಕಣಕ್ಕ ಹೋಗಿ ಕಾಳು ತರ್ತಿದ್ರು, ಬದಲಿಗೆ ಎಲ್ಲಾರ ಮನಿ ಕುಂಟಿ ಕೂರಿಗಿ ರಿಪೇರಿ ಅವರ ಕೈಮ್ಯಾಲ ಹೋಗ್ತಿತ್ತು, ಅವರಿಗೆ ತಿಳೀದ ಸಾಮಾನ ಊರಾಗ ಇರ್ತಿದ್ದಿಲ್ಲ. ಮಗ್ಗದ್ದಕ್ಕ ನೇಕಾರರು, ಚರ್ಮದ್ದಕ್ಕ ಚಪ್ಪಲಿ ಕೆಲಸದವರು. ಇಂಟರ್‌ನೆಟ್ಟಿನಾಗ ಹುಡುಕಿದ್ರ ಪರದೇಶದ್ದು ಏನೋ ಬರತೈತಿ, ನಮ್ಮ ಕೂರಿಗಿ ಬಟ್ಟಲಿಗೆ ಅದು ಸಲಾಡ್ ಬೌಲ್ ಅಂತ ಹೇಳಿತ್ತು.

ಗುಜರಿಯಾಂವ ಕೆಜಿ ಲೆಕ್ಕದಾಗ ಕೇಳಾಕತ್ತಾನ, ಕೊಟ್ಟು ಬಿಡ್ಲ್ಯಾ?

ಮನ್ಯಾಗ ಜಾಗಾ ಇಲ್ಲಾಂದ್ರ ಏನ್ ಮಾಡಾಕ ಬರತೈತಿ, ಕೊಡ್ರಿ, ನಾ ಯಾರ್ ಬ್ಯಾಡ ಅನ್ನಾಕ. ಆದ್ರ ಕೊಡೋ ಮುಂಚೆ ಒಂದ ಸಂಜಿ ಮನಿ ಹಿರೇರನ್ನ ಕಟ್ಟಿ ಮ್ಯಾಲ ಕುಂದರಸಿ ಒಂದೊಂದ ಸಾಮಾನು ಕೈಯಾಗ ಕೊಟ್ಟು ಮೊಬೈಲಿನಾಗ ವಿಡಿಯೋ ಮಾಡ್ರಿ, ಮುಖ ಬ್ಯಾಡ, ಕೈ ಅಷ್ಟ ಸಾಕು. ಗುಜರಿಯಾಂವ ಹಿಡಿಕಿ ಬಡದು ತಗದು ಒಲಿಗೆ ಹಾಕ್ತಾನ, ಕಬ್ಬಿಣ ಅಷ್ಟ ತೂಗ್ತಾನ, ಹಿಡಿಕಿ ಹ್ವಾದ ಮ್ಯಾಲ ಅರ್ಧ ಗುರ್ತು ಹೋತು. ಒಂದಾರ ಇಟ್ಕೊಳ್ರಿ, ಹಿಡಿಕಿ ಸಮೇತ, ಒಂದು ಚೀಟಿ ದಾರದಲೆ ಕಟ್ಟಿ ಅದರ ಮ್ಯಾಲ ನಿಮ್ಮ ಮನ್ಯಾಗ ಅದಕ್ಕ ಏನಂತಿದ್ರು, ಯಾರು ಹಿಡೀತಿದ್ರು ಅಂತ ಬರೀರಿ, ಪುಸ್ತಕದ ಹೆಸರು ಬ್ಯಾಡ. ನನ್ನ ಗ್ವಾಡಿ ಮ್ಯಾಲಿನ ಮೊದಲನೇ ಮೊಳಿಗೆ ತೂಗು ಹಾಕಿದ್ದರ ಚೀಟಿ ಮ್ಯಾಲ ಇಷ್ಟ ಐತಿ: "ಅವ್ವನ ಕುರ್ಚಗಿ, ಎಡಗೈದು, ಮಸಿಯಬಾರದು."